ವುಡ್‌ಬೈನಿನ ಯಹೂದಿ ರೈತರ ಸಿನಗಾಗನ್ನು ನೋಡುವ ಬಗೆ

ನ್ಯೂಜೆರ್ಸಿಯ ಎಡಿಸನ್, ಪ್ಲೇನ್ಸ್‌ಬರೋ ಕಡೆಯ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಕೂರಿಸಿಕೊಂಡು ಬೇಸಿಗೆಯಲ್ಲಿ ಕೇಪ್ ಮೇ ಸಮುದ್ರತೀರಕ್ಕೆ ಹೋಗುವುದುಂಟು. ಆ ದಾರಿಯಲ್ಲಿ, ಗಾರ್ಡನ್ ಸ್ಟೇಟ್ ಪಾರ್ಕ್‌ವೇಯಿಂದ ಕೆಲವೇ ಮೈಲಿ ಪಶ್ಚಿಮಕ್ಕೆ ತಿರುಗಿದರೆ ವುಡ್‌ಬೈನ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿನ ವಾಷಿಂಗ್ಟನ್ ಅವೆನ್ಯೂದಲ್ಲಿ 1896ರಲ್ಲಿ ಪ್ರತಿಷ್ಠಾಪನೆಗೊಂಡ ಇಟ್ಟಿಗೆಯ ಸಿನಗಾಗ್ ಇದೆ. ಸಿನಗಾಗ್ ಎಂದರೆ ಯಹೂದಿಗಳ ಪ್ರಾರ್ಥನಾಮಂದಿರ; ಹಳೆಯ ಕನ್ನಡ ಬೈಬಲ್ಲಿನಲ್ಲಿ ‘ಸಭಾಮಂದಿರ’ ಎಂದು ಕರೆದಿರುವುದು ಇಂಥದ್ದನ್ನೇ. ವುಡ್‌ಬೈನಿನದನ್ನು ಕಟ್ಟಿಸಿದವರು ರಷ್ಯಾ ಸಾಮ್ರಾಜ್ಯದಿಂದ ಓಡಿಬಂದು ಇಲ್ಲಿ ಬೇಸಾಯಕ್ಕೆ ಇಳಿದ ಯಹೂದಿಗಳು. ಕಟ್ಟಡ ಚಿಕ್ಕದು, ಅಲಂಕಾರವೂ ಕಡಿಮೆ. ಏನು ನೋಡಬೇಕೆಂಬುದು ತಿಳಿಯದೆ ಹೋದವರು ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ. ತಿಳಿದು ಹೋದವರಿಗೆ ಅರ್ಧ ದಿನವೂ ಸಾಲದು. ಆ ಅರ್ಧ ದಿನವನ್ನು ಹೇಗೆ ಕಳೆಯಬೇಕೆಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಹೊರಡುವ ಮುನ್ನ

ಕಟ್ಟಡವನ್ನು ಈಗ ವುಡ್‌ಬೈನ್ ಪರಂಪರೆಯ ಸ್ಯಾಮ್ ಅಜೀಜ್ ವಸ್ತುಸಂಗ್ರಹಾಲಯವಾಗಿ ಸ್ಟಾಕ್‌ಟನ್ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ತೆರೆದಿರುವ ದಿನ ಮತ್ತು ಹೊತ್ತುಗಳು ಬದಲಾಗುತ್ತಿರುತ್ತವೆಯಾದ್ದರಿಂದ ಹೊರಡುವ ವಾರದಲ್ಲೇ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಎಡಿಸನ್‌ನಿಂದ ಸುಮಾರು ಎರಡು ಗಂಟೆಯ ಪ್ರಯಾಣ ಮಾಡಿ ಮುಚ್ಚಿದ ಬಾಗಿಲು ನೋಡಿ ಬರುವುದು ಯಾರಿಗೂ ಬೇಡ. ಶನಿವಾರ ಸಬ್ಬತ್, ಯಹೂದಿಗಳು ಕೆಲಸ ನಿಲ್ಲಿಸುವ ವಾರದ ವಿಶ್ರಾಂತಿಯ ದಿನ. ಯಹೂದಿ ದಿನವು ಸೂರ್ಯಾಸ್ತದಿಂದ ಸೂರ್ಯಾಸ್ತಕ್ಕೆ ಎಣಿಕೆಯಾಗುವುದರಿಂದ ಸಬ್ಬತ್ ಶುಕ್ರವಾರ ಸಂಜೆಯೇ ಆರಂಭವಾಗಿ ಶನಿವಾರ ಕತ್ತಲಾದ ಮೇಲೆ ಮುಗಿಯುತ್ತದೆ. ಆ ಹೊತ್ತನ್ನೂ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಒಂದರ ಹಿಂದೆ ಒಂದು ಬರುವ ಅವರ ದೊಡ್ಡ ಹಬ್ಬಗಳನ್ನೂ ಬಿಟ್ಟು ದಿನ ಗೊತ್ತುಮಾಡಿಕೊಳ್ಳಿ.

ನಮ್ಮವರು ಬಾಗಿಲಲ್ಲಿ ಮೊದಲು ಕೇಳುವ ಪ್ರಶ್ನೆ, ಚಪ್ಪಲಿ ಎಲ್ಲಿ ಬಿಡಬೇಕು ಎಂಬುದು. ಚಪ್ಪಲಿ ಬಿಡಬೇಕಾಗಿಲ್ಲ. ಅದರ ಬದಲು ಗಂಡಸರು ತಲೆ ಮುಚ್ಚಿಕೊಳ್ಳುವುದು ಅಲ್ಲಿನ ಸಂಪ್ರದಾಯ. ಚಿಕ್ಕ ಟೋಪಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಕು. ಪ್ರದಕ್ಷಿಣೆ, ಕಾಣಿಕೆಯ ತಟ್ಟೆ, ತೀರ್ಥಪ್ರಸಾದ ಯಾವುದೂ ಇರುವುದಿಲ್ಲ. ಊಟದ ಬುತ್ತಿಯನ್ನು ಕಾರಿನಲ್ಲೇ ಬಿಡಿ. ಅದಕ್ಕೆ ಜಾಗವನ್ನು ಮುಂದೆ ಹೇಳುತ್ತೇನೆ. ಫೋಟೋ ತೆಗೆಯುವ ಮುನ್ನ ಒಂದು ಮಾತು ಕೇಳಿ.

ಮೊದಲು ಮಣ್ಣು, ಆಮೇಲೆ ಕಟ್ಟಡ

ನೇರವಾಗಿ ಸಿನಗಾಗಿಗೆ ಹೋಗಬೇಡಿ ಎಂಬುದೇ ನನ್ನ ಮುಖ್ಯ ಸಲಹೆ. ಊರಿಗೆ ಅಂಟಿಕೊಂಡೇ ಬೆಲ್‌ಪ್ಲೇನ್ ಎಂಬ ರಾಜ್ಯ ಅರಣ್ಯವಿದೆ. ಅಲ್ಲಿ ಕಾರು ನಿಲ್ಲಿಸಿ, ಪೈನ್ ಮರದ ಬುಡದಲ್ಲಿ ಉದುರಿದ ಸೂಜಿಯೆಲೆಗಳನ್ನು ಕಾಲಿನಿಂದ ಸರಿಸಿ, ಒಂದು ಹಿಡಿ ಮಣ್ಣನ್ನು ಕೈಗೆ ತೆಗೆದುಕೊಳ್ಳಿ. ಮೇಲೆ ಕಪ್ಪಗೆ ಕೊಳೆತ ಎಲೆಯ ತೆಳುವಾದ ಪದರ, ಅದರ ಕೆಳಗೆ ಬೂದಿ ಬಣ್ಣದ ಮರಳು. ಬಿಗಿಯಾಗಿ ಮುಷ್ಟಿ ಹಿಡಿದು ಬಿಟ್ಟರೂ ಉಂಡೆಯಾಗುವುದಿಲ್ಲ, ಬೆರಳ ಸಂದಿಯಿಂದ ಜಾರಿಹೋಗುತ್ತದೆ. ಮಳೆಯ ನೀರು ನಿಲ್ಲದೆ ಇಳಿದುಹೋಗುವ, ಸಾರವನ್ನೂ ಜೊತೆಗೆ ಒಯ್ಯುವ, ಹುಳಿ ಹೆಚ್ಚಿರುವ ಮಣ್ಣು ಇದು. ಸುಣ್ಣ ಹಾಕದೆ, ಗಾಡಿಗಟ್ಟಲೆ ಕೊಟ್ಟಿಗೆ ಗೊಬ್ಬರ ಸುರಿಯದೆ ಇಲ್ಲಿ ಹೆಚ್ಚಿನ ಬೆಳೆಗಳನ್ನು ಬೆಳೆಯಲಾಗದು. ಮಂಡ್ಯದ ಗದ್ದೆ ಅಥವಾ ಬಿಜಾಪುರದ ಎರೆಭೂಮಿ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ‘ಇಲ್ಲಿ ಬೇಸಾಯವೇ?’ ಎಂಬ ಪ್ರಶ್ನೆ ತಾನಾಗಿಯೇ ಬಾಯಿಗೆ ಬರುತ್ತದೆ, ಮತ್ತು ಆ ಪ್ರಶ್ನೆಯನ್ನು ಇಟ್ಟುಕೊಂಡೇ ಸಿನಗಾಗಿಗೆ ಹೋಗಬೇಕು.

ಅದಕ್ಕೆ ಉತ್ತರ ಅಮೆರಿಕದಲ್ಲಿಲ್ಲ, ರಷ್ಯಾದಲ್ಲಿದೆ. 1881ರಲ್ಲಿ ಸಾಮ್ರಾಟ ಎರಡನೆಯ ಅಲೆಕ್ಸಾಂಡರ್ ಹತ್ಯೆಯಾದ ಮೇಲೆ ಅಲ್ಲಿನ ಯಹೂದಿಗಳ ಮೇಲೆ ದಾಳಿಗಳು ನಡೆದವು. ಮರುವರ್ಷದ ಮೇ ತಿಂಗಳ ಕಾಯಿದೆಗಳು ಅವರು ಪಟ್ಟಣಗಳ ಹೊರಗೆ ಹೊಸದಾಗಿ ನೆಲೆಸುವುದನ್ನೂ ಹಳ್ಳಿಯ ಆಸ್ತಿ ಕೊಳ್ಳುವುದನ್ನೂ ತಡೆದವು. ನೆಲವೇ ಸಿಗದ ಜನರಿಗೆ ನೆಲದ ಆಸೆ ಹುಟ್ಟಿತು. ದರ್ಜಿಗಳು, ಸಣ್ಣ ವ್ಯಾಪಾರಿಗಳು, ವಿದ್ಯಾರ್ಥಿಗಳು ತಾವು ರೈತರಾಗಬೇಕೆಂದು ಹೊರಟರು. ದಕ್ಷಿಣ ನ್ಯೂಜೆರ್ಸಿಯ ಅಲಯನ್ಸ್ ಎಂಬಲ್ಲಿ 1882ರ ಮೇ ತಿಂಗಳಲ್ಲಿ ಮೊದಲ ನೆಲೆ ಆರಂಭವಾಯಿತು. ಸುತ್ತಲಿನ ಕಾರ್ಮೆಲ್, ರೋಸೆನ್‌ಹೇನ್, ನಾರ್ಮಾಗಳು ಅದರ ಹಿಂದೆ ಬಂದವು. ವುಡ್‌ಬೈನ್ ತಡವಾಗಿ, 1891ರಲ್ಲಿ, ಹೆಚ್ಚು ಹಣ ಮತ್ತು ಹೆಚ್ಚು ಯೋಜನೆಯೊಂದಿಗೆ ಆರಂಭವಾದ ಊರು. ಮ್ಯೂನಿಕ್‌ನಲ್ಲಿ ಹುಟ್ಟಿ ರೈಲುಮಾರ್ಗಗಳ ಬಂಡವಾಳದಿಂದ ಸಿರಿವಂತನಾದ ಬ್ಯಾರನ್ ಮಾರಿಸ್ ಡಿ ಹಿರ್ಷ್ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ನಿಧಿಯು ಇಲ್ಲಿ ಸುಮಾರು 5,300 ಎಕರೆ ಕಾಡುಭೂಮಿ ಕೊಂಡು, ಮೊದಲ ಹಂತದಲ್ಲಿ ಸುಮಾರು 60 ಕುಟುಂಬಗಳನ್ನು ನೆಲೆಗೊಳಿಸಿತು. ಪೈನ್ ಮತ್ತು ಕುರುಚಲು ಓಕ್ ಕಡಿದು, ಬೊಡ್ಡೆ ಕಿತ್ತು, ನೆಲ ಹಸನು ಮಾಡುವುದರಲ್ಲೇ ಅವರ ಮೊದಲ ವರ್ಷಗಳು ಕಳೆದವು.

ಊರೊಳಗೆ ಬರುವಾಗ ಬೀದಿಗಳನ್ನು ಗಮನಿಸಿ. ಅಳತೆಗೋಲು ಹಿಡಿದು ಎಳೆದಂತೆ ನೇರವಾಗಿವೆ. ಒಂದಕ್ಕೆ ಡಿಹಿರ್ಷ್ ಅವೆನ್ಯೂ ಎಂದೇ ಹೆಸರು. ನಡುವೆ ಪೇಟೆ, ಸುತ್ತ ಹೊಲ ಎಂಬ ಈ ಯೋಜನೆಯ ಹಿಂದೆ ಇದ್ದವರು ಕೃಷಿವಿಜ್ಞಾನಿ ಹಿರ್ಷ್ ಲೋಬ್ ಸಾಬ್ಸೊವಿಚ್. ಅವರು ನಿಧಿಯ ಮೇಲ್ವಿಚಾರಕರಾಗಿ ಬಂದು, 1903ರಲ್ಲಿ ವುಡ್‌ಬೈನ್ ಸ್ವತಂತ್ರ ಪುರಸಭೆಯಾದಾಗ ಅದರ ಮೊದಲ ಮೇಯರ್ ಆದರು. ಜೆರೂಸಲೇಮ್ ಪತನದ ನಂತರ ಯಹೂದಿಗಳು ತಾವೇ ಆಳಿಕೊಂಡ ಮೊದಲ ಊರು ಇದು ಎಂದು ಆಗಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹೆಮ್ಮೆಯ ಜೊತೆ ಜಗಳವೂ ಇತ್ತೆಂಬುದನ್ನು ಮರೆಯಬಾರದು: ಜಮೀನಿನ ಕರಾರು ಮತ್ತು ಸಾಲದ ವಿಷಯದಲ್ಲಿ ರೈತರಿಗೂ ನಿಧಿಯ ಧರ್ಮದರ್ಶಿಗಳಿಗೂ ಆರಂಭದ ವರ್ಷಗಳಲ್ಲೇ ತೀವ್ರ ತಕರಾರು ನಡೆಯಿತು. ಹೊಲದ ಆದಾಯ ಸಾಲದೆ ಬಟ್ಟೆ ಹೊಲಿಯುವ ಕಾರ್ಖಾನೆಗಳು ಬಂದವು. ಹೊಲ ಬಿಟ್ಟವರು ಅಲ್ಲಿ ಕೆಲಸಕ್ಕೆ ಸೇರಿದರು.

ಒಳಗೆ ಹೋದಾಗ

ಈಗ ಕಟ್ಟಡದ ಮುಂದೆ ನಿಲ್ಲಬಹುದು. 1890ರ ದಶಕದ ಮೊದಲ ವರ್ಷಗಳ ಬರಗಾಲದಂಥ ಆರ್ಥಿಕ ಕುಸಿತದ ನಡುವೆ ಕೆಲಸ ನಡೆದು, 1896ರ ನವೆಂಬರಿನಲ್ಲಿ ಪ್ರತಿಷ್ಠಾಪನೆಯಾಯಿತು. ಹಣದ ಮೂಲವಾದ ಬ್ಯಾರನ್ ಅದೇ ವರ್ಷದ ಏಪ್ರಿಲ್‌ನಲ್ಲಿ ಹಂಗೆರಿಯಲ್ಲಿ ತೀರಿಕೊಂಡಿದ್ದರು. ಮರದ ಹಲಗೆಯಲ್ಲಿ ಅಗ್ಗವಾಗಿ ಕಟ್ಟಬಹುದಾಗಿದ್ದ ಕಾಲದಲ್ಲಿ ಇಟ್ಟಿಗೆಯನ್ನು ಆರಿಸಿಕೊಂಡದ್ದನ್ನು ಗಮನಿಸಿ. ಇಲ್ಲಿಯೇ ಉಳಿಯುತ್ತೇವೆ ಎಂದುಕೊಂಡವರ ಆಯ್ಕೆ ಅದು ಎಂದು ನನಗೆ ಅನ್ನಿಸುತ್ತದೆ. ಅವರ ಸಂಘದ ಹೀಬ್ರೂ ಹೆಸರು ‘ಅಗುದಾಸ್ ಅಖಿಮ್’, ಎಂದರೆ ಸೋದರರ ಕೂಟ; ಅದಕ್ಕೇ ಇಂಗ್ಲಿಷಿನಲ್ಲಿ ‘ಬ್ರದರ್‌ಹುಡ್’ ಸಿನಗಾಗ್ ಎಂದು ಹೆಸರಾಯಿತು. ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಇದು 1980ರಲ್ಲಿ ಸೇರಿತು.

ಯಾವುದೇ ಹಳೆಯ ಸಿನಗಾಗಿನ ಬಾಗಿಲಲ್ಲಿ, ಒಳಗೆ ಹೋಗುವಾಗ ನಮ್ಮ ಬಲಕ್ಕೆ ಬರುವ ಚೌಕಟ್ಟಿನ ಮೇಲೆ ಮೊದಲು ಕಣ್ಣು ಹಾಯಿಸಬೇಕು. ಬೆರಳುದ್ದದ ಡಬ್ಬಿಯೊಂದು ಓರೆಯಾಗಿ ಕೂತಿದ್ದರೆ ಅದು ಮೆಜುಜಾ. ಒಳಗೆ ಚರ್ಮಪತ್ರದ ಸುರುಳಿಯಲ್ಲಿ ಧರ್ಮಗ್ರಂಥದ ವಾಕ್ಯಗಳಿರುತ್ತವೆ. ಒಳಗೆ ಬಂದ ಮೇಲೆ ಕಣ್ಣು ಹೋಗಬೇಕಾದದ್ದು ಗೋಡೆಗೆ ಹೊಂದಿದ ಪವಿತ್ರ ಪೆಟ್ಟಿಗೆಯ ಕಡೆಗೆ. ಅದರಲ್ಲಿರುವುದು ಮೂರ್ತಿಯಲ್ಲ, ಯಹೂದಿಗಳ ಧರ್ಮಗ್ರಂಥವಾದ ಟೋರಾದ ಸುರುಳಿ: ಗರಿಯ ಲೇಖನಿಯಿಂದ ಚರ್ಮದ ಮೇಲೆ ಕೈಯಾರೆ ಬರೆದ ಐದು ಪುಸ್ತಕಗಳು, 3,04,805 ಅಕ್ಷರಗಳು. ಒಂದು ಅಕ್ಷರ ಅಳಿಸಿದರೂ ತಿದ್ದುವವರೆಗೆ ಅದನ್ನು ಪಾರಾಯಣಕ್ಕೆ ಬಳಸುವಂತಿಲ್ಲ, ಆದ್ದರಿಂದಲೇ ಓದುವವರು ಬೆರಳಿನ ಬದಲು ತುದಿಯಲ್ಲಿ ಪುಟ್ಟ ಕೈಯ ಆಕಾರವಿರುವ ಕಡ್ಡಿಯಿಂದ ಸಾಲು ತೋರಿಸುತ್ತಾರೆ. ನೀವೂ ಸುರುಳಿಯನ್ನು ಮುಟ್ಟಬೇಡಿ. ಪೆಟ್ಟಿಗೆಯ ಮುಂದೆ ತೂಗುವ ದೀಪಕ್ಕೆ ಕನ್ನಡದಲ್ಲಿ ಹೊಸ ಹೆಸರು ಹುಡುಕಬೇಕಾಗಿಲ್ಲ, ಅದು ನಂದಾದೀಪವೇ.

ಫೋನಿನ ದಿಕ್ಸೂಚಿಯನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯ ಅಭ್ಯಾಸ. ಪೆಟ್ಟಿಗೆಯ ಗೋಡೆ ಜೆರೂಸಲೇಮಿನ ಕಡೆಗಿರಬೇಕೆಂಬುದು ನಿಯಮ. ಅಮೆರಿಕದಿಂದ ಅದು ಪೂರ್ವ. ಇದನ್ನು ಸೂರ್ಯನಿಗೆ ಮುಖ ಮಾಡಿ ನಿಲ್ಲುವ ನಮ್ಮ ಪದ್ಧತಿಯೊಂದಿಗೆ ಕಲೆಸಬಾರದು. ಕೊಚ್ಚಿಯ ಸಿನಗಾಗುಗಳಲ್ಲಿಯೂ, ಕೊಂಕಣದ ರೇವದಂಡಾ ಮತ್ತು ಅಲಿಬಾಗಿನಲ್ಲಿ ಎಣ್ಣೆಗಾಣ ಆಡಿಸುತ್ತಿದ್ದ ಬೆನೆ ಇಸ್ರೇಲ್ ಎಂಬ ಯಹೂದಿಗಳ ಸಿನಗಾಗುಗಳಲ್ಲಿಯೂ ಪ್ರಾರ್ಥನೆ ಪಶ್ಚಿಮಕ್ಕೆ ಮುಖಮಾಡಿ ನಡೆಯುತ್ತದೆ. ಶನಿವಾರ ಗಾಣ ನಿಲ್ಲಿಸುತ್ತಿದ್ದರೆಂದು ಆ ಕೊಂಕಣದವರನ್ನು ಊರವರು ‘ಶನಿವಾರ ತೇಲಿ’ ಎಂದು ಕರೆಯುತ್ತಿದ್ದರು.

ಆ ಹೆಸರಿನಲ್ಲೇ ರೈತನ ಕಷ್ಟವೂ ಇದೆ. ಸಬ್ಬತ್ ದಿನ ಮಾಡಬಾರದ ಕೆಲಸಗಳನ್ನು ಯಹೂದಿ ಶಾಸ್ತ್ರ 39 ಬಗೆಯಾಗಿ ಎಣಿಸುತ್ತದೆ, ಮತ್ತು ಆ ಪಟ್ಟಿ ಆರಂಭವಾಗುವುದೇ ಹೊಲದಿಂದ: ಬಿತ್ತುವುದು, ಉಳುವುದು, ಕೊಯ್ಯುವುದು, ಕಂತೆ ಕಟ್ಟುವುದು, ಒಕ್ಕುವುದು, ತೂರುವುದು, ಆರಿಸುವುದು, ಬೀಸುವುದು, ಜರಡಿ ಹಿಡಿಯುವುದು, ಹಿಟ್ಟು ನಾದುವುದು, ಸುಡುವುದು. ಹೊಲದಿಂದ ರೊಟ್ಟಿಯವರೆಗಿನ ಹನ್ನೊಂದು ಹಂತಗಳು ಒಂದೊಂದಾಗಿ ಅಲ್ಲಿವೆ. ನ್ಯೂಯಾರ್ಕಿನ ಅಂಗಡಿಯವನಿಗೆ ಇದು ಮಂತ್ರದಂತೆ ಒಪ್ಪಿಸುವ ಪಟ್ಟಿ. ಮಳೆ ಬರುವ ಮೊದಲು ಬೆಳೆಯನ್ನು ಒಳಗೆ ಹಾಕಬೇಕಾದ ವುಡ್‌ಬೈನಿನ ರೈತನಿಗೆ ಇದು ಶನಿವಾರ ಬೆಳಿಗ್ಗೆ ಎದುರಾಗುವ ಇಕ್ಕಟ್ಟು. ಮಾರ್ಗದರ್ಶಕರು ಸಿಕ್ಕರೆ ಶನಿವಾರ ಹಸುಗಳ ಹಾಲನ್ನು ಯಾರು ಕರೆಯುತ್ತಿದ್ದರು ಎಂದು ಕೇಳಿ. ‘ಕಟ್ಟಡ ಎಷ್ಟು ಹಳೆಯದು’ ಎಂಬ ಪ್ರಶ್ನೆಗಿಂತ ಇಂಥ ಪ್ರಶ್ನೆಗೆ ಮಾತು ಬಿಚ್ಚಿಕೊಳ್ಳುತ್ತದೆ.

ಕುಳಿತುಕೊಳ್ಳುವ ಏರ್ಪಾಡನ್ನೂ ನೋಡಿ. ಆ ಕಾಲದ ಸಾಂಪ್ರದಾಯಿಕ ಸಿನಗಾಗುಗಳಲ್ಲಿ ಹೆಂಗಸರು ಮೇಲಿನ ಗ್ಯಾಲರಿಯಲ್ಲೋ ಅಡ್ಡತೆರೆಯ ಆಚೆಯೋ ಕೂರುತ್ತಿದ್ದರು. ಪೂರ್ಣ ಪ್ರಾರ್ಥನೆ ನಡೆಯಬೇಕಾದರೆ 13 ವರ್ಷ ಮೀರಿದ ಹತ್ತು ಗಂಡಸರು ಸೇರಬೇಕು. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎನ್ನುತ್ತಾರೆ. ಹಳ್ಳಿಯ ಸಿನಗಾಗು ನಿಂತುಹೋಗುವುದು ಗೋಡೆ ಕುಸಿದಾಗಲ್ಲ, ಈ ಹತ್ತನೆಯವನು ಸಿಗದಾದಾಗ. ವುಡ್‌ಬೈನಿನ ಮಕ್ಕಳು ಓದಿದರು, ಫಿಲಡೆಲ್ಫಿಯಾಕ್ಕೂ ನ್ಯೂಯಾರ್ಕಿಗೂ ಹೋದರು, ಹತ್ತು ಒಂಬತ್ತಾಯಿತು.

ಗೋಡೆಯಲ್ಲಿ ಹೆಸರುಗಳ ಫಲಕಗಳು, ಪಕ್ಕದಲ್ಲಿ ಪುಟ್ಟ ಬಲ್ಬುಗಳು ಕಂಡರೆ ಅವು ತೀರಿಕೊಂಡವರ ನೆನಪಿನವು. ವರ್ಷಕ್ಕೊಮ್ಮೆ ಆ ದಿನ ದೀಪ ಬೆಳಗಿಸುತ್ತಾರೆ, ಮಗ ಪ್ರಾರ್ಥನೆ ಹೇಳುತ್ತಾನೆ. ದಿನದ ಲೆಕ್ಕ ಇಂಗ್ಲಿಷ್ ತಾರೀಕಿನದಲ್ಲ, ಚಾಂದ್ರಮಾನ ತಿಥಿಯದು. ಅವರ ಪಂಚಾಂಗದಲ್ಲಿಯೂ 19 ವರ್ಷಕ್ಕೆ ಏಳು ಅಧಿಕ ಮಾಸಗಳು ಬರುತ್ತವೆ. ತಿಥಿಯ ಮನೆಯಲ್ಲಿ ಬೆಳೆದ ಕನ್ನಡಿಗನಿಗೆ ಇದನ್ನು ಅರ್ಥ ಮಾಡಿಸಲು ಅರ್ಧ ನಿಮಿಷ ಸಾಕು. ನನ್ನ ಅಮೆರಿಕನ್ ಸ್ನೇಹಿತನಿಗೆ ವಿವರಿಸಲು ಒಂದು ಮಧ್ಯಾಹ್ನ ಹಿಡಿಯಿತು.

ಸಮಾಧಿಕಲ್ಲನ್ನು ಓದುವುದು

ಸಿನಗಾಗಿನ ನಂತರ ಊರಿನ ಯಹೂದಿ ಸ್ಮಶಾನಕ್ಕೆ ಹೋಗಿ. ಶಾಸನ, ವೀರಗಲ್ಲುಗಳನ್ನು ಕಂಡು ಬೆಳೆದವರಿಗೆ ಇಲ್ಲಿ ಕೆಲಸವಿದೆ. ಹೀಬ್ರೂ ಬಾರದಿದ್ದರೂ ನಾಲ್ಕಾರು ಗುರುತುಗಳನ್ನು ಕಲಿತರೆ ಕಲ್ಲು ಓದಬಹುದು. ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ. ಮೇಲ್ತುದಿಯಲ್ಲಿ ಬಿಡಿಯಾಗಿ ಕಾಣುವ ಎರಡು ಅಕ್ಷರ, ಪೇ ಮತ್ತು ನೂನ್, ‘ಇಲ್ಲಿ ಹೂಳಲಾಗಿದೆ’ ಎಂಬುದರ ಸಂಕ್ಷೇಪ. ಕೆಳತುದಿಯ ಐದು ಅಕ್ಷರಗಳು ಸತ್ತವರ ಆತ್ಮ ಜೀವದ ಗಂಟಿನಲ್ಲಿ ಸೇರಿರಲಿ ಎಂಬ ಹಾರೈಕೆ. ಬೆರಳುಗಳನ್ನು ಎರಡೆರಡಾಗಿ ಬಿಡಿಸಿಟ್ಟ ಜೋಡಿ ಅಂಗೈಗಳಿದ್ದರೆ ಅದು ಕೊಹೆನ್, ಎಂದರೆ ಅರ್ಚಕ ವಂಶದವರ ಕಲ್ಲು. ನೀರಿನ ಹೂಜಿ ಇದ್ದರೆ ಅವರ ಕೈತೊಳೆಯುತ್ತಿದ್ದ ಲೇವಿ ವಂಶದವರದು. ಹೆಸರಿನ ನಡುವೆ ‘ಬೆನ್’ ಬಂದರೆ ಇಂಥವರ ಮಗ, ‘ಬತ್’ ಬಂದರೆ ಮಗಳು. ಹಾಗಾಗಿ ತಂದೆಯ ಹೆಸರೂ ಸಿಕ್ಕಿಬಿಡುತ್ತದೆ.

ಇಸವಿಯನ್ನು ಬಿಡಿಸುವುದೇ ನಿಜವಾದ ಸೊಗಸು. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳು. ಆಲೆಫ್‌ನಿಂದ ತೇತ್‌ವರೆಗಿನ ಒಂಬತ್ತು ಅಕ್ಷರಗಳು 1ರಿಂದ 9; ಯೋದ್‌ನಿಂದ ತ್ಸಾದಿಯವರೆಗೆ 10, 20, 30 ಎಂದು 90ರವರೆಗೆ; ಕೊನೆಯ ನಾಲ್ಕಾದ ಕೋಫ್, ರೇಶ್, ಶಿನ್, ತಾವ್‌ಗಳು 100, 200, 300, 400. ಸಂಗೀತ ಬಲ್ಲವರಿಗೆ, ರಾಗದ ಹೆಸರಿನ ಅಕ್ಷರಗಳಿಂದ ಮೇಳದ ಸಂಖ್ಯೆ ತಿಳಿಯುವ ಕಟಪಯಾದಿ ನೆನಪಾಗಬಹುದು: ಮೇಚಕಲ್ಯಾಣಿಯ ‘ಮ’ 5, ‘ಚ’ 6, ತಿರುಗಿಸಿದರೆ 65ನೆಯ ಮೇಳ. ಇಲ್ಲಿ ಸ್ಥಾನಬೆಲೆಯಾಗಲಿ ತಿರುಗಿಸುವುದಾಗಲಿ ಇಲ್ಲ, ಸುಮ್ಮನೆ ಕೂಡುವುದು. ಸಾವಿರದ ಅಂಕಿಯನ್ನು ಸಾಮಾನ್ಯವಾಗಿ ಕೆತ್ತುವುದಿಲ್ಲ. ಕಲ್ಲಿನಲ್ಲಿ ತಾವ್, ರೇಶ್, ನೂನ್, ಝಾಯಿನ್ ಎಂದಿದ್ದರೆ 400, 200, 50, 7 ಕೂಡಿ 657. ಎಂದರೆ ಅವರ 5657ನೆಯ ವರ್ಷ. ಇದಕ್ಕೆ 1240 ಕೂಡಿಸಿದರೆ 1897. ಆದರೆ ಅವರ ಹೊಸವರ್ಷ ಸೆಪ್ಟೆಂಬರಿನಲ್ಲೋ ಅಕ್ಟೋಬರ್ ಮೊದಲಲ್ಲೋ ಬರುವುದರಿಂದ, ಅಲ್ಲಿಂದ ಡಿಸೆಂಬರ್ ಕೊನೆಯವರೆಗಿನ ದಿನಗಳಿಗೆ 1239ನ್ನೇ ಕೂಡಿಸಬೇಕು. 1896ರ ನವೆಂಬರಿನಲ್ಲಿ ಪ್ರತಿಷ್ಠಾಪನೆಯಾದ ಸಿನಗಾಗು ಬೀಳುವುದು ಈ 5657ರಲ್ಲಿಯೇ. ಇದನ್ನು ತಿಳಿಯದೆ ಮೊದಲ ಸಲ ನಾನು ಬರೆದುಕೊಂಡ ಟಿಪ್ಪಣಿಯಲ್ಲಿ ತಿಶ್ರಿ, ಖೆಶ್ವಾನ್, ಕಿಸ್ಲೇವ್ ಮಾಸಗಳಲ್ಲಿ ತೀರಿಕೊಂಡವರೆಲ್ಲ ಒಂದು ವರ್ಷ ಹೆಚ್ಚು ಬದುಕಿಬಿಟ್ಟಿದ್ದಾರೆ.

ಇನ್ನೊಂದು ಸೂಕ್ಷ್ಮವಿದೆ. ಹದಿನೈದನ್ನು ಹತ್ತು ಮತ್ತು ಐದು ಎಂದು ಬರೆಯದೆ ಒಂಬತ್ತು ಮತ್ತು ಆರು ಎಂದೂ, ಹದಿನಾರನ್ನು ಒಂಬತ್ತು ಮತ್ತು ಏಳು ಎಂದೂ ಬರೆಯುತ್ತಾರೆ. ನೇರವಾಗಿ ಬರೆದರೆ ಆ ಅಕ್ಷರಗಳು ದೇವರ ಹೆಸರಿನ ಭಾಗವಾಗಿಬಿಡುತ್ತವೆ. ತಿಂಗಳ ಮಧ್ಯದ ದಿನಾಂಕ ಓದುವಾಗ ತೇತ್ ಮತ್ತು ವಾವ್ ಕಂಡರೆ ಗಲಿಬಿಲಿಗೊಳ್ಳಬೇಡಿ. ಮೊತ್ತ 679 ಬಂದು, ಕಲ್ಲು ಚಿಕ್ಕ ವಯಸ್ಸಿನವರದಾಗಿದ್ದರೆ, ಆ ವರ್ಷ 1918ರ ಶರತ್ಕಾಲದ ಇನ್‌ಫ್ಲುಯೆಂಜಾ ಪಿಡುಗಿನ ವರ್ಷ ಎಂಬುದು ನೆನಪಿರಲಿ. ಬೆಂಗಳೂರಿನಲ್ಲಿರುವವರು ಇದೇ ವಿದ್ಯೆಯನ್ನು ಮೈಸೂರು ರಸ್ತೆಯ ಗೋರಿಪಾಳ್ಯದ ಯಹೂದಿ ಸ್ಮಶಾನದಲ್ಲಿ ಅನುಮತಿ ಪಡೆದು ಪ್ರಯೋಗಿಸಬಹುದು.

ಕಲ್ಲಿನ ಮೇಲೆ ಸೀಮೆಸುಣ್ಣ, ಹಿಟ್ಟು, ನೀರು ಯಾವುದನ್ನೂ ಉಜ್ಜಬೇಡಿ. ಅಕ್ಷರ ಮಸುಕಾಗಿದ್ದರೆ ಫೋನಿನ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಕೆತ್ತನೆಯ ನೆರಳು ಎದ್ದು ಕಾಣುತ್ತದೆ. ಹೂವು ಇಡುವ ಪದ್ಧತಿ ಅಲ್ಲಿಲ್ಲ. ಗೌರವ ತೋರಿಸಬೇಕೆನಿಸಿದರೆ ಒಂದು ಸಣ್ಣ ಕಲ್ಲು ಹೆಕ್ಕಿ ಸಮಾಧಿಯ ಮೇಲಿಡಿ.

ಬುತ್ತಿ ಬಿಚ್ಚಿದ ಮೇಲೆ

ಮಧ್ಯಾಹ್ನದ ಚಿತ್ರಾನ್ನಕ್ಕೆ ಬೆಲ್‌ಪ್ಲೇನ್ ಅರಣ್ಯಕ್ಕೇ ಹಿಂದಿರುಗಿ. ಬೆಳಿಗ್ಗೆ ಹಿಡಿದ ಮಣ್ಣಿನ ಪ್ರಶ್ನೆಗೆ ಉಳಿದರ್ಧ ಉತ್ತರ ಇಲ್ಲಿ ಕೂತು ಹೇಳಲು ಚೆನ್ನಾಗಿರುತ್ತದೆ. ಬ್ಯಾರನ್ ಡಿ ಹಿರ್ಷ್ ನಿಧಿ ವುಡ್‌ಬೈನಿನಲ್ಲಿ ಒಂದು ಕೃಷಿಶಾಲೆಯನ್ನೂ ನಡೆಸಿತು. ಅದು 1917ರಲ್ಲಿ ಮುಚ್ಚಿತು. ಅಲ್ಲಿ ಕಲಿತ ಆರ್ಥರ್ ಗೋಲ್ಡ್‌ಹಾಫ್ಟ್ ಮುಂದೆ ವೈನ್‌ಲ್ಯಾಂಡಿನಲ್ಲಿ ಕೋಳಿರೋಗಗಳ ಲಸಿಕೆ ತಯಾರಿಸಿದರು. ಅಲ್ಲಿ ಪಾಠ ಹೇಳುತ್ತಿದ್ದವರೊಬ್ಬರ ಮಗನಾಗಿ 1903ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು ಗ್ರೆಗರಿ ಪಿಂಕಸ್, ಗರ್ಭನಿರೋಧಕ ಮಾತ್ರೆಯನ್ನು ರೂಪಿಸಿದವರಲ್ಲಿ ಒಬ್ಬರು. ಆದರೆ ನನಗೆ ಎಲ್ಲರಿಗಿಂತ ಇಷ್ಟವಾದವರು ಜೇಕಬ್ ಲಿಪ್ಮನ್. ಕುಟುಂಬದೊಂದಿಗೆ ಈ ಮರಳಿನಲ್ಲಿ ಬೇಸಾಯಕ್ಕೆ ಬಂದ ಹುಡುಗ, ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಓದಿ, ಮಣ್ಣಿನ ಸೂಕ್ಷ್ಮಜೀವಿಗಳ ವಿಜ್ಞಾನಿಯಾದರು. ಬರಡು ಮಣ್ಣಿನೊಳಗೆ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದನ್ನೇ ಜೀವಮಾನದ ಪ್ರಶ್ನೆಯಾಗಿ ತೆಗೆದುಕೊಂಡರು. ಅವರ ಬಳಿ ಕಲಿತ ಸೆಲ್ಮನ್ ವಾಕ್ಸ್‌ಮನ್ ಪ್ರಯೋಗಾಲಯದಿಂದ 1943ರಲ್ಲಿ ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಹೊರಬಂತು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಆ ಸೂಜಿಮದ್ದು ಚುಚ್ಚಿಸಿಕೊಂಡವರೇ. ನ್ಯೂಬ್ರನ್ಸ್‌ವಿಕ್‌ನ ಕುಕ್ ಆವರಣದಲ್ಲಿ ಲಿಪ್ಮನ್ ಹೆಸರಿನ ಕಟ್ಟಡವಿದೆ; ಎಡಿಸನ್ನಿನವರಿಗೆ ಅದು ಮನೆಯ ಹತ್ತಿರದ ದಾರಿ.

ಬಿಸಿಲು ಇನ್ನೂ ಉಳಿದಿದ್ದರೆ ವೈನ್‌ಲ್ಯಾಂಡ್ ಕಡೆಗೆ ಒಂದು ಗಂಟೆಯೊಳಗಿನ ದಾರಿಯಲ್ಲಿ ಅಲಯನ್ಸ್ ಸಿಗುತ್ತದೆ. ಅಲ್ಲಿಯದು 1882ರವರ ಹಳೆಯ ನೆಲೆ, ದೊಡ್ಡ ಸ್ಮಶಾನ. ಎರಡನೆಯ ಮಹಾಯುದ್ಧದ ನಂತರ ನಾಜಿಗಳ ಕೈಯಿಂದ ಬದುಕುಳಿದು ಬಂದ ಎಷ್ಟೋ ಕುಟುಂಬಗಳು ವೈನ್‌ಲ್ಯಾಂಡ್ ಸುತ್ತ ಕೋಳಿ ಸಾಕಿ ಜೀವನ ಕಟ್ಟಿಕೊಂಡವು, ಆದ್ದರಿಂದ ಈ ಭಾಗದ ಸ್ಮಶಾನಗಳಲ್ಲಿ 1940ರ ನಂತರದ ಕಲ್ಲುಗಳನ್ನೂ ಬಿಡದೆ ನೋಡಬೇಕು; ಹುಟ್ಟಿದ ಊರಿನ ಹೆಸರುಗಳು ಅಲ್ಲಿ ಬೇರೆಯೇ ಇರುತ್ತವೆ. ಹೊರಗೆ ಬರುವಾಗ ಕೈಗೆ ನೀರು ಹಾಕಿಕೊಳ್ಳುವುದು ಅವರ ಪದ್ಧತಿ. ನಲ್ಲಿ ಸಿಗದಿದ್ದರೆ ಕಾರಿನಲ್ಲಿರುವ ಬಾಟಲಿಯ ನೀರು ಸಾಕು. ಸ್ಮಶಾನದಿಂದ ಬಂದವರಿಗೆ ನೀರು ಯಾಕೆ ಎಂದು ನಮ್ಮ ಅಪ್ಪ ಅಮ್ಮಂದಿರು ಕೇಳುವುದಿಲ್ಲ.